ಧ್ಯಾಸ ಅಳೆಯುವ ಯಂತ್ರ

"ನಿನ್ನ ಧ್ಯಾಸ ಎಲ್ಲೈತಿ?" ಎಂದು ಮಕ್ಕಳನ್ನು ಗದರುವುದು ನಮ್ಮ ಸಿ. ಬೆಳಗಲ್ ಕಡೆ ಕನ್ನಡದ ಮನೆಯಲ್ಲೂ ಉಂಟು, ತೆಲುಗಿನ ಮನೆಯಲ್ಲೂ ಉಂಟು. ಆ ಧ್ಯಾಸವನ್ನೇ ಅಳೆದು ಹೇಳುತ್ತೇವೆಂದು ಹಣೆಗೆ ಕಟ್ಟುವ ಪಟ್ಟಿಗಳು ಈಗ ಮಾರಾಟಕ್ಕೆ ಬಂದಿವೆ. ಇವುಗಳ ಹಿಂದೆ ನೂರು ವರ್ಷದ ಕಥೆಯಿದೆ.

1924ರಲ್ಲಿ ಜರ್ಮನಿಯ ಯೇನಾ ಊರಿನ ವೈದ್ಯ ಹಾನ್ಸ್ ಬರ್ಗರ್ ಮನುಷ್ಯನ ಮೆದುಳಿನ ವಿದ್ಯುತ್ತನ್ನು ಮೊದಲ ಬಾರಿಗೆ ಗೆರೆಯಾಗಿ ಮೂಡಿಸಿದರು, 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿ ಸುಮ್ಮನೆ ಕುಳಿತರೆ ಸೆಕೆಂಡಿಗೆ ಸುಮಾರು ಹತ್ತು ಅಲೆ, ಕಣ್ಣು ತೆರೆದರೆ ಅವು ಅಡಗುತ್ತವೆ. ಪಟ್ಟಿಗಳು ಎಣಿಸುವುದು ಇಂಥ ಏರಿಳಿತವನ್ನೇ. ಆದರೆ ಈ ವಿದ್ಯುತ್ತು ತೀರ ಸಣ್ಣದು. ಹುಬ್ಬು ಗಂಟಿಕ್ಕಿದರೂ, ಅಡಿಕೆ ಜಗಿದರೂ ಸ್ನಾಯುಗಳ ವಿದ್ಯುತ್ತು ಅದನ್ನು ಮುಳುಗಿಸುತ್ತದೆ. ನಾನು ಬ್ಯಾಂಕಿನ ಗುಮಾಸ್ತ. ಲೆಡ್ಜರು ನೋಡಿ ರೈತನ ಸಾಲ ಹೇಳುತ್ತಿದ್ದೆ, ಅವನ ಚಿಂತೆ ಅದರಲ್ಲಿ ಬರೆದಿರುತ್ತಿರಲಿಲ್ಲ.

ಮೂರ್ಛೆರೋಗ ಗುರುತಿಸಲು ಆಸ್ಪತ್ರೆಗಳಲ್ಲಿ ಈ ಗೆರೆಗಳು ಇಂದಿಗೂ ಬೇಕು. ಪೇಚು ಶುರುವಾದದ್ದು ಪೊಲೀಸ್ ತನಿಖೆಯಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ಆರ್. ಮುಕುಂದನ್ ಒಂದು ಪರೀಕ್ಷೆ ರೂಪಿಸಿದರು. ಆರೋಪಿಯ ತಲೆಗೆ ತಂತಿಗಳ ಟೋಪಿ ಹಾಕಿ ಘಟನೆಯ ವಾಕ್ಯಗಳನ್ನು ಕೇಳಿಸುವುದು. ಅವನು ಬಾಯಿ ಬಿಡಬೇಕಿಲ್ಲ, ಕೃತ್ಯದ ನೆನಪು ಇದೆಯೋ ಇಲ್ಲವೋ ಅಲೆಗಳೇ ಹೇಳುತ್ತವೆ ಎಂಬುದು ವಾದ. 2008ರ ಜೂನಿನಲ್ಲಿ ಪುಣೆಯ ನ್ಯಾಯಾಲಯ ಒಂದು ಕೊಲೆ ಮೊಕದ್ದಮೆಯಲ್ಲಿ ಅದನ್ನೂ ನೆಚ್ಚಿ ಶಿಕ್ಷೆ ವಿಧಿಸಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯೇ ಇಂಥ ಪರೀಕ್ಷೆಗೆ ವೈಜ್ಞಾನಿಕ ಬುನಾದಿ ಇಲ್ಲವೆಂದಿತು! ಮನೆಯವರೇ ಮನೆಯ ಮಾತು ತಿದ್ದಿದ ಹಾಗಾಯಿತು.

2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮೆದುಳು ಪರೀಕ್ಷೆ ಮಾಡಕೂಡದು ಎಂದಿತು. ಬಾಯಿ ಮುಚ್ಚಿಕೊಂಡಿರುವ ಹಕ್ಕಿಗೆ ತಲೆಯೊಳಗಿನದೂ ಸೇರಿತು.

ಆ ತೀರ್ಪು ಅಪರಾಧದ ತನಿಖೆಯನ್ನು ಕುರಿತದ್ದು. ಶಾಲೆಯ ಮಾತೇನು? ಚೀನಾದ ಜಿನ್ಹುವಾದಲ್ಲಿ ಒಂದು ಪ್ರಾಥಮಿಕ ಶಾಲೆ ಮಕ್ಕಳ ಹಣೆಗೆ ಪಟ್ಟಿ ಕಟ್ಟಿಸಿ, ಗಮನದ ಅಂಕಗಳನ್ನು ಗುರುಗಳಿಗೂ ಹೆತ್ತವರಿಗೂ ತೋರಿಸುತ್ತಿತ್ತು. ಜನ ಸಿಟ್ಟಾದ ಮೇಲೆ 2019ರ ಅಕ್ಟೋಬರ್ ಕೊನೆಯಲ್ಲಿ ಅಧಿಕಾರಿಗಳು ನಿಲ್ಲಿಸಿದರು. ನಾಳೆ ಅಂಥ ಪಟ್ಟಿ ನಮ್ಮೂರ ಶಾಲೆಗೆ ಬಂದರೆ, ಮೂರನೇ ತರಗತಿಯ ಹುಡುಗನ ಒಪ್ಪಿಗೆಯನ್ನು ಯಾರು ಕೇಳುತ್ತಾರೆ, ಯಾವ ಭಾಷೆಯಲ್ಲಿ ಕೇಳುತ್ತಾರೆ?