ನಿರುದ್ಯೋಗಿಗೆ ಸರ್ಕಾರದ ನೆರವು: ರಾಜಾಜಿನಗರದ ಕೈಗಾರಿಕಾ ಪ್ರದೇಶವನ್ನು ಕುರಿತು ಒಂದು ಚಾರಿತ್ರಿಕ ವಿಚಾರ

1950ರ ಜನವರಿ 26ರಂದು ಪೂರ್ಣವಾಗಿ ಜಾರಿಗೆ ಬಂದ ಭಾರತ ಸಂವಿಧಾನದ 41ನೆಯ ಅನುಚ್ಛೇದವು, ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆ ಮೊದಲಾದ ಸಂದರ್ಭಗಳಲ್ಲಿ ಪ್ರಜೆಗೆ ಸಾರ್ವಜನಿಕ ನೆರವು ದೊರೆಯುವಂತೆ ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ಏರ್ಪಾಡು ಮಾಡತಕ್ಕದ್ದೆಂದು ವಿಧಿಸಿತು. ಇದು ನಿರ್ದೇಶಕ ತತ್ತ್ವಗಳಲ್ಲಿ ಒಂದಾದುದರಿಂದ ನ್ಯಾಯಾಲಯದ ಮೂಲಕ ಪಡೆಯಬಹುದಾದ ಹಕ್ಕಲ್ಲ. ಈ ತತ್ತ್ವವು ಕಾರ್ಯರೂಪಕ್ಕೆ ಇಳಿದ ಬಗೆಯನ್ನು ಬೆಂಗಳೂರಿನ ಪಶ್ಚಿಮ ಭಾಗದ ಕಾರ್ಮಿಕರ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಭಾಗದಲ್ಲಿ 1949ರಲ್ಲಿ ಅಸ್ತಿವಾರ ಕಂಡ ಕೈಗಾರಿಕಾ ಉಪನಗರಕ್ಕೆ ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರನ್ನಿಟ್ಟರು. ಕಾರ್ಖಾನೆಯೂ ಕಾರ್ಮಿಕನ ಮನೆಯೂ ಒಂದೆಡೆ ಇರಬೇಕೆಂಬುದು ಇಂತಹ ಉಪನಗರದ ಕಲ್ಪನೆ. ಸಂಬಳ ನಿಂತರೆ ಬಾಡಿಗೆಯೂ ನಿಲ್ಲುವ ಇಂತಹ ಸ್ಥಳದಲ್ಲಿ ನಿರುದ್ಯೋಗವು ಒಂದು ಬೀದಿಯನ್ನೇ ತಟ್ಟುವ ವಿಪತ್ತು.

ಇಂಗ್ಲೆಂಡಿನ 1911ರ ರಾಷ್ಟ್ರೀಯ ವಿಮಾ ಕಾಯಿದೆಯಲ್ಲಿ ಎರಡು ಮುಖ್ಯ ಭಾಗಗಳಿದ್ದವು: ಮೊದಲನೆಯದು ಕಾಯಿಲೆಗೆ, ಎರಡನೆಯದು ನಿರುದ್ಯೋಗಕ್ಕೆ. ಭಾರತವು 1948ರ ನೌಕರರ ರಾಜ್ಯ ವಿಮಾ ಕಾಯಿದೆಯಲ್ಲಿ ಮೊದಲನೆಯದಕ್ಕೆ ಸರಿಸಮವಾದ ಭಾಗವನ್ನು ಮಾತ್ರ ಕೈಗೊಂಡಿತು. ಕಾಯಿಲೆ, ಹೆರಿಗೆ, ಕೆಲಸದಲ್ಲಿ ಒದಗುವ ಅಪಘಾತ ಇವುಗಳಿಗೆ ರಕ್ಷಣೆ ದೊರೆಯಿತು. ಕೆಲಸವೇ ಹೋದರೆ ದೊರೆಯಲಿಲ್ಲ. 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಆರಂಭವಾದ ಈ ಯೋಜನೆ 1958ರ ಜುಲೈ 27ರಂದು ಬೆಂಗಳೂರಿಗೆ ಬಂದಿತು. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಇದರ ಪ್ರತ್ಯಕ್ಷ ಫಲ. ಜ್ವರ ಬಂದ ಕಾರ್ಮಿಕನಿಗೆ ತೆರೆದಿದ್ದ ಈ ವ್ಯವಸ್ಥೆ, ಕೆಲಸ ಕಳೆದುಕೊಂಡವನಿಗೆ ದಶಕಗಳ ಕಾಲ ಹಣದ ನೆರವನ್ನು ನೀಡಲಿಲ್ಲ.

ಆದರೆ ಕಾನೂನು ಸಂಪೂರ್ಣ ಮೌನವಾಗಿತ್ತೆಂದು ಹೇಳಲಾಗದು. 1953ರಲ್ಲಿ ಕೈಗಾರಿಕಾ ವಿವಾದಗಳ ಕಾಯಿದೆಗೆ ಮಾಡಿದ ತಿದ್ದುಪಡಿಯ ಪ್ರಕಾರ, ಕನಿಷ್ಠ ಒಂದು ವರ್ಷ ಸತತವಾಗಿ ದುಡಿದವನನ್ನು ಕೆಲಸದಿಂದ ಕಡಿಮೆ ಮಾಡುವಾಗ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕಾಗಿತ್ತು. ಆದರೆ ಕೊಡಬೇಕಾದವನು ಮಾಲೀಕ, ಸರ್ಕಾರವಲ್ಲ. ಉದ್ಯೋಗ ವಿನಿಮಯ ಕಚೇರಿಯಾದರೋ ಹೆಸರನ್ನು ನೋಂದಾಯಿಸಿಕೊಳ್ಳುತ್ತಿತ್ತು, ಹಣವನ್ನು ಕೊಡುತ್ತಿರಲಿಲ್ಲ. ಬಟ್ಟೆ ಗಿರಣಿಗಳು ಮುಚ್ಚತೊಡಗಿದ ಕಾಲದಲ್ಲಿ, 1986ರಲ್ಲಿ, ಕೇಂದ್ರ ಸರ್ಕಾರವು ಖಾಸಗಿ ಗಿರಣಿಗಳ ಕಾರ್ಮಿಕರಿಗಾಗಿ ಪುನರ್ವಸತಿ ನಿಧಿಯೊಂದನ್ನು ಸ್ಥಾಪಿಸಿತು. ಮೊದಲನೆಯ ವರ್ಷ ವೇತನದ ಶೇಕಡ 75, ಎರಡನೆಯ ವರ್ಷ 50, ಮೂರನೆಯ ವರ್ಷ 25 ಎಂಬುದು ಅದರ ಕ್ರಮ. ಆದರೆ ಗಿರಣಿಯು ಶಾಶ್ವತವಾಗಿ ಮುಚ್ಚಿದೆಯೆಂಬುದು ಮೊದಲು ಸ್ಥಿರಪಡಬೇಕಾಗಿತ್ತು.

1911ರ ಕಾಯಿದೆಯ ಎರಡನೆಯ ಭಾಗಕ್ಕೆ ಸಮನಾದುದು ನಮ್ಮಲ್ಲಿ ಕಾಣಿಸಿಕೊಂಡದ್ದು 2005ರ ಏಪ್ರಿಲ್ 1ರಂದು. ಅಂದಿನಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯ ಮೂಲಕ, ಕಾರ್ಖಾನೆ ಮುಚ್ಚಿದುದರಿಂದಲೋ ಕಡಿತದಿಂದಲೋ ಕೆಲಸ ಹೋದ ವಿಮಾದಾರನಿಗೆ ನಿರುದ್ಯೋಗ ಭತ್ಯೆ ದೊರೆಯಿತು. ಅದೇ ವರ್ಷ ಅಂಗೀಕೃತವಾದ ಉದ್ಯೋಗ ಖಾತರಿ ಕಾಯಿದೆಯು, ಕೆಲಸ ಕೇಳಿದ 15 ದಿನಗಳೊಳಗೆ ಅದು ದೊರೆಯದಿದ್ದರೆ ಭತ್ಯೆ ಸಲ್ಲಬೇಕೆಂದು ವಿಧಿಸಿತಾದರೂ, ಅದು ಗ್ರಾಮಾಂತರಕ್ಕೆ ಮಾತ್ರ ಅನ್ವಯಿಸಿತು. 2018ರ ಜುಲೈಯಲ್ಲಿ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯು ವಿಮಾದಾರನಿಗೆ ಸರಾಸರಿ ಗಳಿಕೆಯ ಶೇಕಡ 25ರಷ್ಟನ್ನು ಗರಿಷ್ಠ 90 ದಿನಗಳವರೆಗೆ ನೀಡಿತು. 2020ರ ಮಹಾಮಾರಿಯ ಕಾಲದಲ್ಲಿ ಅದು ಶೇಕಡ 50ಕ್ಕೆ ಏರಿತು. ವಿಮೆಯ ಹೊರಗಿದ್ದವರ ಪೈಕಿ ಕ್ಷೌರಿಕರಿಗೂ ಮಡಿವಾಳರಿಗೂ ಆಟೋ, ಟ್ಯಾಕ್ಸಿ ಚಾಲಕರಿಗೂ ರಾಜ್ಯ ಸರ್ಕಾರವು ಅದೇ ವರ್ಷದ ಮೇ ತಿಂಗಳಲ್ಲಿ ತಲಾ ರೂ. 5,000ವನ್ನು ಒಂದು ಬಾರಿಗೆ ಘೋಷಿಸಿತು.

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆ ಇನ್ನೊಂದು ದಾರಿಯನ್ನು ಹಿಡಿಯಿತು. ತೇರ್ಗಡೆಯಾಗಿ 180 ದಿನ ಕಳೆದರೂ ಉದ್ಯೋಗ ದೊರೆಯದ ಪದವೀಧರನಿಗೆ ತಿಂಗಳಿಗೆ ರೂ. 3,000, ಡಿಪ್ಲೊಮಾ ಪಡೆದವನಿಗೆ ರೂ. 1,500, ಅವಧಿ ಹೆಚ್ಚೆಂದರೆ ಎರಡು ವರ್ಷ. ಇಲ್ಲಿ ನೆರವಿಗೆ ಆಧಾರವಾದುದು ಕಳೆದುಕೊಂಡ ಕೆಲಸವಲ್ಲ, ಪಡೆದ ವಿದ್ಯೆ.

ಇವೆಲ್ಲವನ್ನೂ ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನೆರವು ಬಂದಾಗಲೆಲ್ಲ ಅದು ಒಂದಲ್ಲ ಒಂದು ಕಾಗದವನ್ನು ಹಿಡಿದೇ ಬಂದಿದೆ: ಕಡಿತದ ನೋಟೀಸು, ವಿಮೆಯ ಸಂಖ್ಯೆ, ವೃತ್ತಿಯ ದಾಖಲೆ ಅಥವಾ ಪದವಿಪತ್ರ. ಕಾಮಾಕ್ಷಿಪಾಳ್ಯದಲ್ಲಿ ನಾಲ್ಕೈದು ಮಂದಿ ದುಡಿಯುವ ಶೆಡ್ಡಿನಲ್ಲಿ ಲೇತು ತಿರುಗಿಸುವವನಿಗೆ "ನಾಳೆಯಿಂದ ಬರಬೇಡ" ಎಂಬ ಮಾತೇ ನೋಟೀಸು. ಮನೆಯಲ್ಲಿ ಕುಳಿತು ಊದಿನಕಡ್ಡಿ ಹೊಸೆಯುವವಳಿಗೆ ಕಚ್ಚಾ ಸಾಮಗ್ರಿ ಬಾರದಿರುವುದೇ ಕಡಿತ. ಕೆಲಸವಿತ್ತೆಂದು ತೋರಿಸಲಾಗದವರು ಅದು ಹೋಯಿತೆಂದು ತೋರಿಸುವುದಾದರೂ ಹೇಗೆ? ಸಂವಿಧಾನದ ಆ ಅನುಚ್ಛೇದದಲ್ಲಿ ನಿರುದ್ಯೋಗವೆಂಬ ಮಾತಿದೆಯೇ ಹೊರತು ಪ್ರಮಾಣಪತ್ರದ ಮಾತಿಲ್ಲ. ಈ ಅಂತರವನ್ನು ತುಂಬುವ ಕಾರ್ಯ ಇನ್ನೂ ಉಳಿದಿದೆ.