ನಗರ ಭೂಬಳಕೆ ವಲಯ ಬದಲಾವಣೆ: ಪರಿಸರ ಮತ್ತು ಸಾಂಸ್ಕೃತಿಕ ಪರಿಣಾಮಗಳ ಮೌಲ್ಯಮಾಪನ

ನಗರದ ಮಹಾಯೋಜನೆ ಒಂದು ಪ್ರದೇಶಕ್ಕೆ ಗೊತ್ತುಮಾಡಿದ ಭೂಬಳಕೆಯನ್ನಾಗಲಿ, ಕಟ್ಟಡಗಳ ಎತ್ತರವನ್ನಾಗಲಿ, ಎಫ್‌ಎಆರ್ ಎಂದು ಕರೆಯುವ ನೆಲ ವಿಸ್ತೀರ್ಣ ಅನುಪಾತವನ್ನಾಗಲಿ ಬದಲಿಸುವ ಮೊದಲು, ಅಲ್ಲಿನ ನೀರು, ಗಾಳಿ, ಮರಗಿಡ, ಸಂಚಾರ, ಪಾರಂಪರಿಕ ಕಟ್ಟಡ, ಕಸುಬು ಮತ್ತು ಆಚರಣೆಗಳಿಗೆ ಏನಾಗಲಿದೆ ಎಂದು ಮುಂಗಂಡು ಲೆಕ್ಕಹಾಕುವ ಅಧ್ಯಯನ. ನಕ್ಷೆಯಲ್ಲಿ ವಸತಿಯ ಹಳದಿ ಅಳಿದು ವಾಣಿಜ್ಯದ ನೀಲಿ ಬಂದ ದಿನ ನೆಲದ ಮೇಲೆ ಏನೂ ಬದಲಾಗಿರುವುದಿಲ್ಲ. ಪರಿಣಾಮ ವರ್ಷಗಟ್ಟಲೆ, ಒಂದೊಂದೇ ನಿವೇಶನದಲ್ಲಿ ಕಾಣಿಸಿಕೊಳ್ಳುತ್ತದೆ. ಆದುದರಿಂದ ಬದಲಾವಣೆಯ ಹೊತ್ತಿಗೇ ಇಡೀ ಪ್ರದೇಶದ ಒಟ್ಟು ಲೆಕ್ಕ ತೆಗೆಯುವುದು ಈ ಕ್ರಮದ ತಿರುಳು.

ಭಾರತದಲ್ಲಿ ಇಂಥ ಒಟ್ಟು ಲೆಕ್ಕ ಕಡ್ಡಾಯವಾಗಿಲ್ಲ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಅಥವಾ ಹೆಚ್ಚು ನಿರ್ಮಿತ ವಿಸ್ತೀರ್ಣದ ಕಟ್ಟಡ ಯೋಜನೆಗಳು ಪೂರ್ವಾನುಮತಿ ಪಡೆಯಬೇಕು; ಅವುಗಳಿಗೂ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಇದೆ. ಮಹಾಯೋಜನೆಯಾಗಲಿ, ವಲಯ ನಿಯಮಾವಳಿಯ ತಿದ್ದುಪಡಿಯಾಗಲಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಒಂದೇ ಬೀದಿಯಲ್ಲಿ ತಲಾ 2,000 ಚದರ ಮೀಟರಿನ ಹದಿನೈದು ಕಟ್ಟಡಗಳೆದ್ದರೆ ಒಟ್ಟು 30,000 ಆಯಿತು; ಆದರೆ ಬಿಡಿಬಿಡಿಯಾಗಿ ಒಂದೂ ಮಿತಿ ಮುಟ್ಟುವುದಿಲ್ಲ. ಕರ್ನಾಟಕದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಪ್ರಕರಣದಡಿ ಭೂಬಳಕೆ ಬದಲಿಸುವಾಗ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಪರಿಣಾಮದ ವರದಿಯನ್ನೂ ಜನರ ಮುಂದಿಡಬೇಕೆಂದು ಆ ಪ್ರಕರಣ ಹೇಳುವುದಿಲ್ಲ. ಏನಾಗಲಿದೆ ಎಂದು ತಿಳಿಯದ ನಾಗರಿಕ ಯಾವುದಕ್ಕೆಂದು ಆಕ್ಷೇಪಿಸಬೇಕು?

ಲೆಕ್ಕ ಕಷ್ಟದ್ದೇನಲ್ಲ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ 25 ಮಿಲಿಮೀಟರ್ ಮಳೆ ಸುರಿದರೆ ಬಿದ್ದ ನೀರು ಸುಮಾರು 1,01,000 ಲೀಟರ್. ತೋಟದ ನೆಲದಿಂದ ಅದರಲ್ಲಿ ಐದನೇ ಒಂದು ಪಾಲು ಹರಿದುಹೋಗುತ್ತದೆ ಎಂದುಕೊಂಡರೆ ಚರಂಡಿ ಸೇರುವುದು 20,000 ಲೀಟರ್. ಕಾಂಕ್ರೀಟು ಹಾಸಿದ ಮೇಲೆ ಹತ್ತರಲ್ಲಿ ಒಂಬತ್ತು ಪಾಲು, ಅಂದರೆ 91,000 ಲೀಟರ್. ಅದೇ ಜಾಗದಲ್ಲಿ ನಾಲ್ಕು ಮಂದಿಯ ನೂರು ಕುಟುಂಬಗಳು ನೆಲೆಸಿದರೆ, ತಲೆಗೆ 135 ಲೀಟರಿನ ಲೆಕ್ಕದಲ್ಲಿ ದಿನಕ್ಕೆ 54,000 ಲೀಟರ್ ನೀರು ಬೇಕು. ಸುಮಾರು 43,000 ಲೀಟರ್ ಕೊಳಚೆಯಾಗಿ ಹೊರಬರುತ್ತದೆ. ಮಳೆನೀರು ಸಾಗಿಸುವ ರಾಜಕಾಲುವೆಯ ಅಗಲ ಮಾತ್ರ ಹಿಂದಿನಷ್ಟೇ ಇರುತ್ತದೆ.

ಕೆರೆ, ಕಾಲುವೆಗಳ ಅಂಚಿನಲ್ಲಿ ಕಟ್ಟಡವಿಲ್ಲದೆ ಬಿಡಬೇಕಾದ ಜಾಗ, ಅಂದರೆ ಬಫರ್ ಕೂಡ ವಲಯ ನಿಯಮವೇ. 2007ರಲ್ಲಿ ಅನುಮೋದನೆಗೊಂಡ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ-2015 ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆಗನುಸಾರ 50, 25 ಮತ್ತು 15 ಮೀಟರ್ ಗೊತ್ತುಮಾಡಿತ್ತು. ಅಗರ–ಬೆಳ್ಳಂದೂರು ಕೆರೆಗಳ ನಡುವಣ ನಿರ್ಮಾಣಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಕೆರೆ ಬಫರನ್ನು 75 ಮೀಟರಿಗೆ, ಕಾಲುವೆಗಳದ್ದನ್ನು 50, 35 ಮತ್ತು 25ಕ್ಕೆ ಹೆಚ್ಚಿಸಿತು. ಶಾಸನಬದ್ಧ ಮಹಾಯೋಜನೆಯನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಆ ಹೆಚ್ಚಳವನ್ನು ರದ್ದುಮಾಡಿತು. ಯೋಜನೆ ರೂಪಿಸುವಾಗ ಆಗದ ಅಧ್ಯಯನವನ್ನು ಆಮೇಲೆ ತುಂಬಿಕೊಳ್ಳುವುದು ಎಷ್ಟು ಕಠಿಣವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಪರಿಸರ ಮತ್ತು ಪರಂಪರೆ ಎರಡನ್ನೂ ಒಟ್ಟಿಗೆ ತೂಗಿದ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ಚಂಡೀಗಡದ ಮೊಕದ್ದಮೆಯಲ್ಲಿ. ಲ ಕಾರ್ಬೂಸಿಯೇ ರೂಪಿಸಿದ ಆ ನಗರದ ಮೊದಲ ಹಂತದ 1ರಿಂದ 30ರವರೆಗಿನ ಸೆಕ್ಟರುಗಳು ತಗ್ಗು ಕಟ್ಟಡ, ಕಡಿಮೆ ಜನಸಾಂದ್ರತೆಗೆಂದೇ ಆದವು. ಮನೆಗಳ ವಿಭಜನೆಗೆ ಅವಕಾಶ ಕೊಟ್ಟಿದ್ದ 2001ರ ಅಪಾರ್ಟ್‌ಮೆಂಟ್ ನಿಯಮಗಳು 2007ರಲ್ಲಿ ರದ್ದಾದ ಮೇಲೂ ಅಲ್ಲಿನ ಒಂಟಿಮನೆಗಳು ಮಹಡಿಗೊಂದರಂತೆ ಹಂಚಿಹೋಗುತ್ತಿದ್ದವು. ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಬಿ.ವಿ. ನಾಗರತ್ನ ಅವರ ಪೀಠ 2023ರ ಜನವರಿ 10ರಂದು ಇದನ್ನು ತಡೆಯಿತು. ನಗರಾಭಿವೃದ್ಧಿಗೆ ಒಪ್ಪಿಗೆ ಕೊಡುವ ಮುನ್ನ ಪರಿಸರ ಪರಿಣಾಮ ಅಧ್ಯಯನ ಕಡ್ಡಾಯವಾಗುವಂತೆ ಕಾನೂನು ತರಲು ಶಾಸಕಾಂಗ, ಕಾರ್ಯಾಂಗಗಳಿಗೆ ಮನವಿ ಮಾಡಿತು. ಎಚ್ಚರಿಕೆಯಾಗಿ ಪೀಠ ಮುಂದಿಟ್ಟದ್ದು ಬೆಂಗಳೂರಿನ ಸ್ಥಿತಿಯನ್ನು.

ಸಾಂಸ್ಕೃತಿಕ ಪರಿಣಾಮ ಅಳತೆಗೆ ಸುಲಭವಾಗಿ ಸಿಗುವುದಿಲ್ಲ, ಹಾಗಾಗಿ ಬಿಟ್ಟುಹೋಗುವುದೂ ಅದೇ. ಪಟ್ಟಿಯಲ್ಲಿರುವ ಸ್ಮಾರಕಕ್ಕೆ ಕಾನೂನಿನ ಆಸರೆಯಿದೆ: ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ. ಪೇಟೆಯ ಗಲ್ಲಿಗಳಿಗೆ, ಪರಿಷೆ ಸೇರುವ ಬೀದಿಗೆ ಅಂಥ ಆಸರೆಯಿಲ್ಲ. ಉದಾಹರಣೆಗೆ, ಬೆಂಗಳೂರಿನ ಸಂಪಂಗಿ ಕೆರೆಯ ನೀರನ್ನು ನೆಚ್ಚಿ ತೋಟಗಾರಿಕೆ ಮಾಡುತ್ತಿದ್ದವರಲ್ಲಿ ತಿಗಳ ಸಮುದಾಯದವರು ಮುಖ್ಯರು. ಬೆಂಗಳೂರು ಕರಗ ಅವರ ಹಬ್ಬ. ಕೆರೆಯಂಗಳದಲ್ಲಿ ಈಗಿರುವುದು ಕಂಠೀರವ ಕ್ರೀಡಾಂಗಣ. ಪಕ್ಕದಲ್ಲಿ ಉಳಿದ ಚಿಕ್ಕ ಕೊಳ ಕರಗದ ವಿಧಿಗೆ ಇಂದಿಗೂ ಬೇಕು. ಆಚರಣೆ ಹೇಗೋ ಉಳಿಯಿತು. ಕಸುಬಿಗೆ ಆಧಾರವಾಗಿದ್ದ ನೀರು, ನೆಲ ಹೋದವು. ಕಟ್ಟಡಗಳ ಪಟ್ಟಿಯೊಂದನ್ನೇ ಹಿಡಿದು ಹೊರಟ ಅಧ್ಯಯನಕ್ಕೆ ಈ ನಷ್ಟ ಕಾಣುವುದೇ ಇಲ್ಲ. ಮೆರವಣಿಗೆಯ ಹಾದಿ, ಸಂತೆಯ ದಿನ, ಬಾಡಿಗೆದಾರರು, ಬೀದಿಬದಿ ವ್ಯಾಪಾರಿಗಳು ಎಲ್ಲವೂ ಸಮೀಕ್ಷೆಯಲ್ಲಿ ದಾಖಲಾಗಬೇಕು. ನಿವೇಶನದ ಒಡೆಯರನ್ನಷ್ಟೇ ಕೇಳಿದರೆ ಬಾಡಿಗೆ ಏರಿ ಜಾಗ ಬಿಡಬೇಕಾದವರ ದನಿ ಕಡತ ಸೇರುವುದಿಲ್ಲ.

ಯೋಜನೆಯ ಹಂತದಲ್ಲೇ ಪರಿಣಾಮ ಅಳೆಯುವ ಕೆಲಸ ಬೇರೆಡೆ ನಡೆದಿದೆ. ಐರೋಪ್ಯ ಒಕ್ಕೂಟದ 2001ರ ನಿರ್ದೇಶನ ಬಿಡಿ ಕಟ್ಟಡಗಳಿಗಿಂತ ಮೊದಲೇ ಯೋಜನೆಗಳನ್ನೂ ಕಾರ್ಯಕ್ರಮಗಳನ್ನೂ ಪರಿಸರ ಪರಿಶೀಲನೆಗೆ ಒಳಪಡಿಸುತ್ತದೆ. ನ್ಯೂಯಾರ್ಕ್ ನಗರದ ಪರಿಶೀಲನಾ ಕೈಪಿಡಿಯಲ್ಲಿ ನೆರೆಹೊರೆಯ ಸ್ವರೂಪ, ಐತಿಹಾಸಿಕ ಸಂಪತ್ತು, ಹೊಸ ಕಟ್ಟಡದ ನೆರಳು ಉದ್ಯಾನಗಳ ಮೇಲೆ ಎಷ್ಟು ಹೊತ್ತು ಬೀಳುತ್ತದೆ ಎಂಬುದು ಕೂಡ ಬೇರೆ ಬೇರೆ ಅಧ್ಯಾಯಗಳು.