ಮಣ್ಣಿನ ಮನೆ ‘ಕಚ್ಚಾ’ ಆದ ಕಥೆ

ಈ ಬೇಸಿಗೆಯಿಡೀ ನಮ್ಮ ಮನೆಯಲ್ಲಿ ಒಂದೇ ಜಗಳ. ಹಳೆ ಮಾಳಿಗೆ ಮನೆ ಕೆಡವಬೇಕೋ, ಉಳಿಸಬೇಕೋ? ಅಣ್ಣ ಕೆಡವೋಣ ಅಂದ. ನಾನು ಬೇಡ ಅಂದೆ. ಮಣ್ಣಿನ ಮನೆ ತಂಪು, ಪರಿಸರಕ್ಕೂ ಒಳ್ಳೇದು, ಬೆಂಗಳೂರಿನವರು ಈಗ ದುಡ್ಡು ಸುರಿದು ಇಂಥ ಮನೆ ಕಟ್ಟಿಸಿಕೊಳ್ತಿದ್ದಾರೆ ಎಂದೆಲ್ಲ ಭಾಷಣ ಬಿಗಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತದೆ ಒಂದು ಮಾತು ಹೇಳಿದಳು:

“ಒಂದ್ ಮಳಿಗಾಲ ಮಾಳಗಿ ಮ್ಯಾಲ ಮಣ್ಣ ಹೊತ್ತ ನೋಡವ್ವಾ. ಆಮ್ಯಾಲ ತಂಪಿನ ಮಾತ ಆಡು.”

ನನ್ನ ಭಾಷಣ ಅಲ್ಲಿಗೇ ನಿಂತಿತು. ಆದರೆ ತಲೆಯೊಳಗೆ ಒಂದು ಪ್ರಶ್ನೆ ಉಳಿಯಿತು. ನೂರಾರು ವರ್ಷ ನಮ್ಮ ಹಿರಿಯರು ಬಾಳಿದ ಮನೆ ಯಾವಾಗ ‘ಕಚ್ಚಾ’ ಆಯಿತು? ಅದರ ತಪ್ಪು ನಿಜವಾಗಿ ಎಲ್ಲಿತ್ತು? ಹುಡುಕುತ್ತಾ ಹೋದರೆ ಇದು ನಮ್ಮ ಮನೆಯೊಂದರ ಕಥೆಯಾಗಿ ಉಳಿಯಲಿಲ್ಲ.

ಮಾಳಿಗೆಯ ಲೆಕ್ಕಾಚಾರ

ಬಯಲುಸೀಮೆಯ ಮಾಳಿಗೆ ಮನೆ ನೋಡದವರಿಗೆ ಮೊದಲು ಅದರ ರಚನೆ ಹೇಳುತ್ತೇನೆ. ಸುತ್ತ ಎರಡು ಅಡಿ, ಕೆಲವು ಕಡೆ ಮೂರು ಅಡಿ ದಪ್ಪದ ಗೋಡೆ. ಕಲ್ಲು ಸಿಗುವ ಊರಲ್ಲಿ ಕಲ್ಲು-ಮಣ್ಣಿನದು, ಸಿಗದ ಕಡೆ ಬರೀ ಮಣ್ಣಿನದು. ಒಳಗೆ ಸಾಲಾಗಿ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಜಂತಿಯ ಮೇಲೆ ಹಲಗೆ ಇಲ್ಲವೇ ಕಟ್ಟಿಗೆ, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು. ನಡುವೆ ಒಂದು ಬೆಳಕಿಂಡಿ.

ಮಾಳಿಗೆಗೆ ಎಲ್ಲ ಮಣ್ಣೂ ಆಗುವುದಿಲ್ಲ. ಚೌಳು ಮಣ್ಣೇ ಬೇಕು. ಬೆಳೆಗೆ ಬಾರದ ಆ ಮಣ್ಣಿನಲ್ಲಿ ಸೋಡಿಯಂ ಉಪ್ಪು ಹೆಚ್ಚು. ನೀರು ಬಿದ್ದರೆ ಅದರ ಜಿಗುಟು ಕಣಗಳು ಚದುರಿ ಸಂದುಗಳನ್ನೆಲ್ಲ ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ. ಹೊಲ ಕೆಡಿಸುವ ಮಣ್ಣು ಮನೆ ಕಾಯುತ್ತದೆ. ಇದನ್ನು ಕಂಡುಕೊಂಡವರು ಯಾವ ಕಾಲೇಜಿಗೂ ಹೋದವರಲ್ಲ.

ಆದರೆ ಈ ಮಣ್ಣು ಗಾಳಿಗೆ, ಮಳೆಗೆ ಸವೆಯುತ್ತದೆ, ಬಿರುಕು ಬಿಡುತ್ತದೆ. ಹಾಗಾಗಿ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಬೇಕು. ಬುಟ್ಟಿಯಲ್ಲಿ ತುಂಬಿ ಏಣಿ ಹತ್ತಿ ಹೊತ್ತವರು ಹೆಚ್ಚಾಗಿ ಹೆಂಗಸರು. ಗೋಡೆಗೆ ಮಣ್ಣು ಮೆತ್ತುವುದು, ನೆಲ ಸಾರಿಸುವುದು ಕೂಡ ಅವರ ಪಾಲೇ. ಇದಕ್ಕೆ ಕೂಲಿಯ ಲೆಕ್ಕ ಯಾರೂ ಇಡಲಿಲ್ಲ. ಮಣ್ಣಿನ ಮನೆ ‘ಖರ್ಚಿಲ್ಲದ ಮನೆ’ ಅನ್ನಿಸಿಕೊಂಡದ್ದು ಅದಕ್ಕೇ.

ಇನ್ನೊಂದು ವಿಷಯ. ಪ್ರತಿ ವರ್ಷ ಹೊಸ ಮಣ್ಣು ಬೀಳುತ್ತದೆ, ಹಳೆಯದನ್ನು ಯಾರೂ ಇಳಿಸುವುದಿಲ್ಲ. ಹತ್ತಕ್ಕೆ ಹತ್ತಡಿಯ ಕೋಣೆಯ ಮೇಲೆ ಒಂದು ಅಡಿ ಮಣ್ಣು ನಿಂತರೆ 100 ಘನ ಅಡಿ. ಒಣಗಿದ್ದರೂ ಅದು ನಾಲ್ಕು ಟನ್‌ಗೂ ಹೆಚ್ಚು ತೂಗುತ್ತದೆ. ಈ ಭಾರದ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಂಚು ಬಂದ ಮೇಲೆ

ಮಳೆ ಹೆಚ್ಚಿರುವ ಕರಾವಳಿ, ಮಲೆನಾಡಿನಲ್ಲಿ ಮಾಳಿಗೆ ನಿಲ್ಲುವುದಿಲ್ಲ. ಅಲ್ಲಿ ಹುಲ್ಲು, ಸೋಗೆ, ನಾಡಹಂಚಿನ ಇಳಿಜಾರು ಮಾಡು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಒಂದಕ್ಕೊಂದು ಕಚ್ಚಿ ಕೂರುವ ಆ ಹಂಚೇ ಮಂಗಳೂರು ಹಂಚು. ಅದು ಬಂದ ಮೇಲೂ ಎಷ್ಟೋ ಮನೆಗಳ ಗೋಡೆ ಮಣ್ಣಿನದಾಗಿಯೇ ಉಳಿಯಿತು. ಮಾಡು ಮುಂದಕ್ಕೆ ಚಾಚಿ ಗೋಡೆಗೆ ಮಳೆ ಹೊಡೆಯದಂತೆ ನೋಡಿಕೊಂಡರೆ, ಬುಡಕ್ಕೆ ಕಲ್ಲಿನ ಪಂಚಾಂಗ ಎತ್ತರಿಸಿ ಕಟ್ಟಿದರೆ, ಅಷ್ಟು ಮಳೆಯಲ್ಲೂ ಮಣ್ಣಿನ ಗೋಡೆ ತಲೆಮಾರುಗಟ್ಟಲೆ ಬಾಳುತ್ತದೆ. ಮಣ್ಣಿಗೆ ಶತ್ರು ವಯಸ್ಸಲ್ಲ, ನೀರು.

ಒಂದು ಪದದ ಭಾರ

‘ಕಚ್ಚಾ’, ‘ಪಕ್ಕಾ’ ಎರಡೂ ಹಿಂದುಸ್ತಾನಿ ಪದಗಳು. ಒಂದು ಹಸಿ, ಇನ್ನೊಂದು ಬೆಂದದ್ದು ಅಥವಾ ಮಾಗಿದ್ದು. ಸುಡದ ಇಟ್ಟಿಗೆ ಕಚ್ಚಾ, ಸುಟ್ಟದ್ದು ಪಕ್ಕಾ. ಅಷ್ಟೇ ಇದ್ದ ಮಾತು. ಮನೆ ಎಣಿಸುವ ಸರ್ಕಾರಿ ಲೆಕ್ಕಕ್ಕೆ ಬಂದಾಗ ಅದು ಅಂತಸ್ತಿನ ಗುರುತಾಯಿತು. ಮಣ್ಣು, ಹುಲ್ಲು, ಹಸಿ ಇಟ್ಟಿಗೆ ಒಂದು ಕಡೆ. ಸುಟ್ಟ ಇಟ್ಟಿಗೆ, ಸಿಮೆಂಟ್, ಕಾಂಕ್ರೀಟ್ ಇನ್ನೊಂದು ಕಡೆ. ಎರಡು ಅಡಿ ದಪ್ಪದ ಮಣ್ಣಿನ ಗೋಡೆಯೂ ಗಾಳಿಗೆ ಹಾರುವ ಗುಡಿಸಲೂ ಒಂದೇ ಪಟ್ಟಿಗೆ ಬಿದ್ದವು.

ಗಾಂಧೀಜಿ 1936ರಲ್ಲಿ ಸೇವಾಗ್ರಾಮಕ್ಕೆ ಹೋಗಿ ನೆಲೆಸಿದಾಗ ಇದ್ದದ್ದು ಮಣ್ಣಿನ ಗೋಡೆ, ನಾಡಹಂಚಿನ ಕುಟೀರಗಳಲ್ಲಿ. ದೇಶದ ದೊಡ್ಡ ದೊಡ್ಡ ನಾಯಕರು ಬಂದು ನೆಲದ ಮೇಲೆ ಕೂತು ಮಾತಾಡಿದ ಬಾಪು ಕುಟಿ ಇಂದಿಗೂ ನಿಂತಿದೆ. ಈಗಿನ ಪಟ್ಟಿಗೆ ಹಾಕಿದರೆ ಅದೂ ಕಚ್ಚಾ ಗೋಡೆಯ ಮನೆಯೇ.

ಪರ್ಮಿಟ್ ಕಾಲದ ಸಿಮೆಂಟ್, ಉಂಗ್ರದ ಮಣ್ಣು

ಇವತ್ತು ಊರ ಮುಂದಿನ ಅಂಗಡಿಯಲ್ಲೇ ಸಿಮೆಂಟ್ ಚೀಲ ಸಿಗುತ್ತದೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಹಿಂದೆ ಸಿಮೆಂಟ್‌ಗೆ ಪರ್ಮಿಟ್ ಬೇಕಿತ್ತು. ಬೆಲೆಯನ್ನೂ ಹಂಚಿಕೆಯನ್ನೂ ಸರ್ಕಾರವೇ ಹಿಡಿದಿಟ್ಟಿತ್ತು. ನಾಲ್ಕು ಚೀಲಕ್ಕಾಗಿ ಕಚೇರಿಗೆ ಅಲೆದವರಿದ್ದಾರೆ.

ಆ ಬರಗಾಲದ ದಿನಗಳಲ್ಲೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಮುಂದೆ ನಿಂತವರು ವಿಜ್ಞಾನಿ ಎ.ಕೆ.ಎನ್. ರೆಡ್ಡಿ. ವಿಜ್ಞಾನ ಹಳ್ಳಿಗೆ ಬರಬೇಕು ಎಂಬುದು ಅವರ ಹಟ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅವರ ವಿಸ್ತರಣಾ ಕೇಂದ್ರ ಶುರುವಾಯಿತು. ಹೊಗೆ ಕಡಿಮೆ ಮಾಡುವ, ಸೌದೆ ಉಳಿಸುವ ‘ಅಸ್ತ್ರ ಒಲೆ’ ಹಲವರಿಗೆ ಗೊತ್ತು. ಅದೇ ಬಳಗ ಮಣ್ಣಿನ ಇಟ್ಟಿಗೆಯ ಮೇಲೂ ವರ್ಷಗಟ್ಟಲೆ ಕೆಲಸ ಮಾಡಿದ್ದು ಕಡಿಮೆ ಜನಕ್ಕೆ ಗೊತ್ತು. ಸಿವಿಲ್ ಎಂಜಿನಿಯರ್ ಕೆ.ಎಸ್. ಜಗದೀಶ್, ಆಮೇಲೆ ಬಿ.ವಿ. ವೆಂಕಟರಾಮ ರೆಡ್ಡಿ ಆ ಕೆಲಸದ ಮುಖ್ಯ ಹೆಸರುಗಳು.

ಮಣ್ಣನ್ನು ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವುದು ಇಲ್ಲಿ ಹುಟ್ಟಿದ ವಿದ್ಯೆಯಲ್ಲ. 1950ರ ದಶಕದಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ‘ಸಿನ್ವಾ-ರಾಮ್’ ಎಂಬ ಕೈಯಂತ್ರ ಬಂದು ಹಲವು ದೇಶಗಳಿಗೆ ಹರಡಿತ್ತು. ಬೆಂಗಳೂರಿನವರು ನಮ್ಮ ಮಣ್ಣಿಗೆ ಹೊಂದುವ ‘ಅಸ್ತ್ರಾಮ್’ ಯಂತ್ರ ಮಾಡಿದರು. ಕೆಂಪು ಮಣ್ಣು ಜರಡಿ ಹಿಡಿದು, ಜಿಗುಟು ಹೆಚ್ಚಿದ್ದರೆ ಮರಳು ಬೆರೆಸಿ, ನೂರಕ್ಕೆ 5ರಿಂದ 8 ಪಾಲು ಸಿಮೆಂಟ್ ಹಾಕಿ, ಸ್ವಲ್ಪವೇ ನೀರು ಚಿಮುಕಿಸಿ ಯಂತ್ರಕ್ಕೆ ತುಂಬುವುದು. ಉದ್ದ ಹಿಡಿಕೆ ಎಳೆದರೆ ಮಣ್ಣು ಗಟ್ಟಿಯಾಗಿ ಒತ್ತಿಕೊಂಡು ಇಟ್ಟಿಗೆಯಾಗುತ್ತದೆ. ಮೂರು-ನಾಲ್ಕು ವಾರ ನೆರಳಲ್ಲಿ ನೀರು ಚಿಮುಕಿಸುತ್ತಾ ಇಟ್ಟರೆ ಮುಗಿಯಿತು. ಸುಡುವ ಕೆಲಸವೇ ಇಲ್ಲ.

ಈ ಲಾಭ ಎಷ್ಟೆಂದು ಅವರೇ ಲೆಕ್ಕ ಹಾಕಿದ್ದಾರೆ. ಸುಟ್ಟ ಇಟ್ಟಿಗೆಯ ಗೋಡೆಗೆ ಹಿಡಿಯುವ ಇಂಧನದಲ್ಲಿ ಮೂರನೇ ಒಂದು, ಇಲ್ಲವೇ ನಾಲ್ಕನೇ ಒಂದು ಪಾಲು ಮಾತ್ರ ಈ ಗೋಡೆಗೆ ಸಾಕು. ಇಟ್ಟಿಗೆ ಭಟ್ಟಿಗೆ ಎಷ್ಟು ಮರ ಹೋಗುತ್ತದೆ ಎಂದು ಕಂಡವರಿಗೆ ಇದರ ಬೆಲೆ ಹೇಳಬೇಕಿಲ್ಲ.

ಹಾಗಾದರೆ ಇದು ಊರೂರಿಗೆ ಏಕೆ ಹರಡಲಿಲ್ಲ? 1982ರಲ್ಲಿ ಸಿಮೆಂಟ್ ಮೇಲಿನ ಹತೋಟಿ ಅರ್ಧ ಸಡಿಲವಾಯಿತು. 1989ರ ಮಾರ್ಚ್‌ನಲ್ಲಿ ಪೂರ್ತಿ ಹೋಯಿತು. ಚೀಲ ಹಳ್ಳಿಗೆ ಬಂತು. ಸಿಮೆಂಟ್‌ಗೆ ಮಣ್ಣಿನ ಪರೀಕ್ಷೆ ಬೇಡ, ಹೊಸ ತರಬೇತಿ ಬೇಡ, ಯಾವ ಗೌಂಡಿಯೂ ಕಲಸಿ ಕಟ್ಟಬಲ್ಲ. ಮದುವೆ ಮಾತುಕತೆಗೆ ಬಂದವರು ಮೊದಲು ನೋಡುವುದೂ ಮನೆಯ ಸ್ಲ್ಯಾಬನ್ನೇ. ಮಣ್ಣಿನ ಇಟ್ಟಿಗೆ ನಗರದ ಆಸಕ್ತರ ಮನೆಗೆ ಹೋಯಿತು, ಸಿಮೆಂಟ್ ನಮ್ಮ ಮನೆಗೆ ಬಂತು.

ಕಿಲ್ಲಾರಿಯ ಬೆಳಗಿನ ಜಾವ

ಮಣ್ಣಿನ ಮನೆಯನ್ನು ಹೊಗಳುವವರು ಒಂದು ದಿನಾಂಕ ಮರೆಯಬಾರದು: 1993ರ ಸೆಪ್ಟೆಂಬರ್ 30. ಬೆಳಗಿನ ನಾಲ್ಕರ ಸುಮಾರಿಗೆ, ಎಲ್ಲರೂ ಮಲಗಿದ್ದಾಗ, ಬೀದರ್-ಕಲಬುರಗಿಗೆ ಹೊಂದಿಕೊಂಡ ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಭೂಮಿ ನಡುಗಿತು. ಕಿಲ್ಲಾರಿ ಮತ್ತು ಸುತ್ತಲ ಹಳ್ಳಿಗಳು ನೆಲಸಮವಾದವು. ಸಾವಿರಾರು ಜನ ಸತ್ತರು. ಬಹುಪಾಲು ಜನರನ್ನು ಕೊಂದದ್ದು ಅವರವರ ಮನೆಯೇ, ನಮ್ಮ ಮಾಳಿಗೆಯಂಥದ್ದೇ ಮನೆ.

ಎಂಜಿನಿಯರುಗಳು ಬಂದು ನೋಡಿದಾಗ ಎರಡು ತಪ್ಪು ಎದ್ದು ಕಂಡವು. ಒಂದು, ವರ್ಷವರ್ಷ ಏರಿದ ಮಾಳಿಗೆಯ ಮಣ್ಣಿನ ಭಾರ. ಎರಡು, ಗೋಡೆ ಕಟ್ಟಿದ ರೀತಿ. ದಪ್ಪ ಗೋಡೆ ಎಂದರೆ ಒಂದೇ ಗೋಡೆಯಲ್ಲ. ಒಳಗೊಂದು, ಹೊರಗೊಂದು ಸಾಲು ಕಲ್ಲು, ನಡುವೆ ಮಣ್ಣು, ಚಕ್ಕೆ ತುಂಬಿದ್ದು. ಎರಡೂ ಸಾಲನ್ನು ಅಡ್ಡಲಾಗಿ ಹಿಡಿದಿಡುವ ಉದ್ದ ಕಲ್ಲು ಇರಲಿಲ್ಲ. ನೆಲ ಅಲ್ಲಾಡಿದಾಗ ಗೋಡೆ ಸೀಳಿ ಎರಡು ಕಡೆಗೆ ಬಿತ್ತು. ಆದರೆ ಗೋಡೆ ಬಿದ್ದ ಕೆಲವು ಮನೆಗಳಲ್ಲಿ ಒಳಗಿನ ಮರದ ಕಂಬ-ತೊಲೆಗಳು ನಿಂತೇ ಇದ್ದವು.

ಕೊಂದದ್ದು ಮಣ್ಣೆಂಬ ವಸ್ತುವಲ್ಲ, ಕಟ್ಟುವುದರಲ್ಲಿ, ನೋಡಿಕೊಳ್ಳುವುದರಲ್ಲಿ ಸೇರಿಕೊಂಡ ತಪ್ಪುಗಳು. ಅವನ್ನು ತಿದ್ದಲು ಬರುತ್ತದೆ. ಮಣ್ಣಿನ ಕಟ್ಟಡಗಳನ್ನು ಭೂಕಂಪಕ್ಕೆ ತಡೆಯುವಂತೆ ಕಟ್ಟುವ ಮಾರ್ಗಸೂಚಿಯನ್ನು ಭಾರತೀಯ ಮಾನಕ ಬ್ಯೂರೋ ಅದೇ 1993ರಲ್ಲಿ ಹೊರತಂದಿದೆ. ಆದರೆ ಜನ ಕಂಡದ್ದು ಹೆಣಗಳನ್ನು, ಮಾರ್ಗಸೂಚಿಯನ್ನಲ್ಲ. ಮಾಳಿಗೆಯ ಕೆಳಗೆ ಮಲಗುವ ಧೈರ್ಯ ಹೋಯಿತು. ಅದನ್ನು ತಪ್ಪೆನ್ನಲು ಆಗುವುದಿಲ್ಲ.

ಆಮೇಲೆ ನೆರೆಯ ಸರದಿ. 2009ರಲ್ಲಿ, ಮತ್ತೆ 2019ರಲ್ಲಿ ಉತ್ತರ ಕರ್ನಾಟಕದಲ್ಲಿ ನೀರು ನಿಂತ ಊರುಗಳಲ್ಲಿ ಮಣ್ಣಿನ ಗೋಡೆಗಳು ಬುಡದಿಂದ ಕರಗಿ ಕುಸಿದವು. ಮತ್ತೆ ಅದೇ ಶತ್ರು, ನೀರು.

ಯೋಜನೆಯ ಮನೆ

2016ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಆರಂಭವಾದಾಗ ಬಯಲು ಪ್ರದೇಶಕ್ಕೆ ಕೊಟ್ಟದ್ದು 1.20 ಲಕ್ಷ ರೂಪಾಯಿ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಮನೆ ಇಲ್ಲದವರ ಜೊತೆಗೆ ಕಚ್ಚಾ ಗೋಡೆ, ಕಚ್ಚಾ ಮಾಡಿನ ಮನೆಯವರಿಗೂ ಇದರಲ್ಲಿ ಅವಕಾಶ. ಎಷ್ಟೋ ಕುಟುಂಬಗಳು ಸೋರುವ ಸೂರಿನಿಂದ ಪಾರಾದದ್ದು ಇಂಥ ಯೋಜನೆಗಳಿಂದಲೇ.

ಕುತೂಹಲದ ಸಂಗತಿ ಏನೆಂದರೆ, ಸರಿಯಾಗಿ ನೋಡಿಕೊಂಡರೆ ಕನಿಷ್ಠ 30 ವರ್ಷ ಬಾಳುವ ಮನೆ ಪಕ್ಕಾ ಎಂಬುದು ಈ ಯೋಜನೆಯ ಮಾತು. ಆಯಾ ಪ್ರದೇಶದ ಸಾಮಗ್ರಿಯಲ್ಲಿ ಕಟ್ಟಬಹುದಾದ ಮನೆಗಳ ನಕ್ಷೆಯ ಪುಸ್ತಕವನ್ನೂ ಕೇಂದ್ರ ಸರ್ಕಾರವೇ ತಂದಿದೆ. ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಗೆ ಐಎಸ್ 1725 ಎಂಬ ಮಾನಕವೂ ಇದೆ. ಅಂದರೆ ಕಾಗದದಲ್ಲಿ ಬಾಗಿಲು ಮುಚ್ಚಿಲ್ಲ. ನಮ್ಮ ಮನಸ್ಸಿನಲ್ಲಿ ಮುಚ್ಚಿದೆ.

ಕೆಡವುವ ಮುಂಚೆ

ಈ ಇತಿಹಾಸದಿಂದ ನಾನು ಕಲಿತದ್ದು ಇಷ್ಟು. ‘ಮಣ್ಣಿನ ಮನೆ ಒಳ್ಳೇದೋ, ಸಿಮೆಂಟಿನದೋ’ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ‘ಈ ಮನೆಯ ಯಾವ ಭಾಗ ಕೆಟ್ಟಿದೆ, ಏಕೆ ಕೆಟ್ಟಿದೆ’ ಎಂದು ಕೇಳಬೇಕು.

ಗೋಡೆ ಹೊಟ್ಟೆ ಬಿಟ್ಟು ಉಬ್ಬಿದ್ದರೆ ಅದರೊಳಗಿನ ಎರಡು ಸಾಲು ಬಿಟ್ಟುಕೊಂಡಿವೆ ಎಂದು ತಿಳಿಯಿರಿ. ಅಲ್ಲಿ ಮಲಗಬೇಡಿ, ಅನುಭವಿ ಗೌಂಡಿಗೆ ತೋರಿಸಿ. ಜಂತಿ ಬಾಗಿದ್ದರೆ, ಗೆದ್ದಲು ಹಿಡಿದಿದ್ದರೆ ತಡಮಾಡಬೇಡಿ. ಮಾಳಿಗೆಯ ಮಣ್ಣು ಎಷ್ಟು ದಪ್ಪ ಇದೆ ಎಂದು ಒಂದು ಕಡೆ ಅಗೆದು ಅಳೆಯಿರಿ. ಗೋಡೆ ಬುಡದಲ್ಲಿ ಬಚ್ಚಲ ನೀರು, ಮಳೆ ನೀರು ನಿಲ್ಲದಂತೆ ಹರಿಬಿಡಿ. ಗಟ್ಟಿ ಗೋಡೆಗೆ ಬರೀ ಸಿಮೆಂಟ್ ಪ್ಲಾಸ್ಟರ್ ಬಳಿಯಬೇಡಿ. ಬಿರುಕಿನಿಂದ ಒಳಹೋದ ನೀರು ಹೊರಬರಲಾರದೆ ಒಳಗೇ ಮಣ್ಣನ್ನು ಕೊಳೆಸುತ್ತದೆ. ಮಣ್ಣು ಇಲ್ಲವೇ ಸುಣ್ಣದ ಗಿಲಾವೇ ಸರಿ.

ಹೊಸದಾಗಿ ಮಣ್ಣಿನ ಇಟ್ಟಿಗೆ ಮಾಡುವ ಆಸೆಯಿದ್ದರೆ ಮೊದಲು ಮಣ್ಣು ನೋಡಿ. ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಇಡಿ. ಕೆಳಗೆ ಮರಳು, ಮೇಲೆ ಜಿಗುಟು ಮಣ್ಣು ಪದರವಾಗಿ ನಿಲ್ಲುತ್ತದೆ. ಮರಳಿನ ಪಾಲೇ ಹೆಚ್ಚಿರಬೇಕು. ಎರೆಮಣ್ಣಿಗೆ ಈ ಕೆಲಸ ಸುಲಭವಲ್ಲ. ಅದು ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಸಿಮೆಂಟ್ ಒಂದರಿಂದ ಅದು ಹತೋಟಿಗೆ ಬರುವುದಿಲ್ಲ, ಸುಣ್ಣ ಬೇಕಾಗುತ್ತದೆ.

ನಮ್ಮ ಮನೆಯ ಜಗಳ ಹೀಗೆ ಮುಗಿಯಿತು. ಹಿಂದಿನ ಕೋಣೆಯ ಗೋಡೆ ಉಬ್ಬಿತ್ತು, ಅದನ್ನು ಕೆಡವಿದೆವು. ಅದರ ಕಲ್ಲೇ ಅಣ್ಣನ ಹೊಸ ಕೋಣೆಯ ಪಾಯಕ್ಕೆ ಬಿತ್ತು. ಪಡಸಾಲೆ ಉಳಿಯಿತು. ಅದರ ಮಾಳಿಗೆ ಅಗೆದು ಎರಡು ಟ್ರೇಲರ್ ಹಳೆ ಮಣ್ಣು ಇಳಿಸಿದೆವು. ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ತೆಳ್ಳಗೆ ಚೌಳು ಮಣ್ಣು ಹಾಕಿದೆವು. ಈ ಸಲ ಬುಟ್ಟಿ ಹೊತ್ತವರು ಅಣ್ಣ ಮತ್ತು ನಾನು. ಮೂರನೇ ದಿನಕ್ಕೆ ನನ್ನ ಕತ್ತು ತಿರುಗದಾಯಿತು.

ಅವ್ವ ಕೆಳಗೆ ನಿಂತು ನೋಡುತ್ತಿದ್ದಳು. “ಈಗ ಬರಿ,” ಅಂದಳು. ಅದಕ್ಕೇ ಬರೆದಿದ್ದೇನೆ.

ನಿಮ್ಮೂರಲ್ಲಿ ಮಾಳಿಗೆಗೆ ಯಾವ ಮಣ್ಣು ಹಾಕುತ್ತಿದ್ದರು, ಅದನ್ನು ಹೊರುತ್ತಿದ್ದವರು ಯಾರು? ಮನೆಯ ಹಿರಿಯರನ್ನು ಇವತ್ತೇ ಕೇಳಿ. ಕೆಡವಿದ ಮೇಲೆ ಕೇಳಲು ಗೋಡೆಯೂ ಇರುವುದಿಲ್ಲ, ಹೇಳುವವರೂ ಇರುವುದಿಲ್ಲ.